ಭುಜ ತಟ್ಟುವವಳು

ಕವಲುದಾರಿಗೆ ಬರುವ ಹೊತ್ತಿಗೆ ಸರಿಯಾಗಿ ಮೊಬೈಲು ಕೈಕೊಟ್ಟಿತು. ಇಷ್ಟು ದೂರ ದಾರಿ ಹೇಳಿಕೊಂಡು ಬಂದ ದನಿ, ಚಾರ್ಜು ಮುಗಿದು ಸುಮ್ಮನಾಯಿತು. ಮೆಕ್ಯಾನಿಕ್ ಬೈಕು ನಿಲ್ಲಿಸಿದ. ಇಂಜಿನ್ನಿನ ಒಂದೊಂದು ಬೋಲ್ಟೂ ಗೊತ್ತಿದ್ದ ಅವನಿಗೆ ದಾರಿ ಮಾತ್ರ ಯಾವತ್ತೂ ತಲೆಗೆ ಹತ್ತಿದ್ದಲ್ಲ. ಅದು ಹೆಂಡತಿಯ ಖಾತೆ. ಅವಳು ಹಿಂದೆ ಕೂತು, ಅವನ ಬೆನ್ನ ಮೇಲೆಯೇ ನಕ್ಷೆ ಹರಡಿಕೊಂಡು, ಎಡಕ್ಕಾದರೆ ಎಡ ಭುಜ, ಬಲಕ್ಕಾದರೆ ಬಲ ಭುಜ ತಟ್ಟುತ್ತಿದ್ದಳು. ಅವಳಿಗೆ ಮರೆವು ಶುರುವಾದ ಮೇಲೆ ಆ ಕೆಲಸ ಮೊಬೈಲಿನ ಪಾಲಿಗೆ ಬಂದಿತ್ತು.

ಬೇರೆ ಗತಿಯಿಲ್ಲದೆ, ಟ್ಯಾಂಕ್ ಕವರಿನ ಜೇಬಿನಲ್ಲಿದ್ದ ಹಳೆಯ ನಕ್ಷೆಯನ್ನು ತೆಗೆದು, ಇವತ್ತೂ ಹಿಂದೆ ಕೂತಿದ್ದ ಅವಳತ್ತ ಚಾಚಿದ. "ನೋಡೇ, ಮನೆಗೆ ಯಾವ ಕಡೆ?"

ಬೆನ್ನ ಮೇಲೆ ಕಾಗದ ಹರಡಿಕೊಂಡಿತು. ಒಂದು ಬೆರಳು ಯಾವುದೋ ಗೆರೆ ಹಿಡಿದು ಹೊರಟು, ಬೆನ್ನುಮೂಳೆ ದಾಟಿ ನಿಂತಿತು. ಬಲ ಭುಜಕ್ಕೆ ಮೆಲ್ಲಗೆ ಒಂದು ತಟ್ಟು ಬಿತ್ತು. ಹೋದ ಜೀವ ಬಂದಂತಾಗಿ ಅವನು ಗೇರು ಹಾಕಿದ.

ಅಷ್ಟರಲ್ಲಿ ಎಡ ಭುಜಕ್ಕೂ ಬಿತ್ತು.

"ಸ್ವಲ್ಪ ನಿಲ್ಸಿ ಅಣ್ಣ," ಎಂದಳು ಅವಳು, ಸಂಕೋಚದಿಂದ. "ನಮ್ಮೆಜಮಾನ್ರು ಹಿಂದೆ ಎಲ್ಲೋ ಬರ್ತಿರಬೇಕು. ಪಾಪ, ನಾನಿಲ್ದಿದ್ರೆ ಅವ್ರಿಗೆ ದಾರಿ ಗೊತ್ತಾಗಲ್ಲ."