ಚಾಟ್ ಓದುವವಳು

ಆನ್‌ಲೈನ್ ಗೇಮ್ ಕಂಪನಿಯಲ್ಲಿ ತನುಜಾಳ ಕೆಲಸ, ಆಟಗಾರರು ಆಡುತ್ತ ಬರೆದುಕೊಳ್ಳುವ ಚಾಟ್ ಓದುವುದು. ಅವಳಿಗೆ ಅವರ ಹೆಸರು, ವಿಳಾಸ ಕಾಣುತ್ತಿರಲಿಲ್ಲ, ಬರೀ ನಂಬರು. ಸೇರಿದ ದಿನವೇ ಕಲಿಸಿದ್ದರು: ಅನುಮಾನ ಬಂದರೆ ಟೀಮ್ ಲೀಡ್‌ಗೆ ಹೇಳು, ನೀನಾಗಿ ಏನೂ ಮಾಡಬೇಡ.

ಮಧ್ಯಾಹ್ನ ನಾಲ್ಕಕ್ಕೆ ಒಂದು ಚಾಟ್ ಕಣ್ಣಿಗೆ ಬಿತ್ತು.

"ಮನೇಲಿ ಯಾರಿದಾರೆ ಪುಟಾಣಿ?"

"ಯಾರೂ ಇಲ್ಲ ಅಂಕಲ್."

"ಹಂಗಾದ್ರೆ ಈಗ ಬರ್ತೀನಿ. ಯಾರಿಗೂ ಹೇಳ್ಬೇಡ."

"ಸರಿ. ಬೆಲ್ ಮಾಡಿ."

ತನುಜಾ ಎದ್ದು ಓಡಿದಳು. ಟೀಮ್ ಲೀಡ್ ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಮುಂದೆ ನಿಂತಿದ್ದ.

"ಸರ್, ಯಾವನೋ ಒಬ್ಬ ಮಗು ಒಂದೇ ಇರೋ ಮನೆಗೆ ಹೊರಟಿದಾನೆ. ಹುಡುಗನೋ ಹುಡುಗಿಯೋ ಅದೂ ಗೊತ್ತಿಲ್ಲ. ವಿಳಾಸ ತೆಗೀರಿ, ಪೊಲೀಸರಿಗೆ ಹೇಳೋಣ."

"ಇಂಥವು ದಿನಾ ಬರುತ್ವೆ ಕಣಮ್ಮ. ಹೊಸಬರೆಲ್ಲ ಹಿಂಗೇ ಹಾರಾಡ್ತಾರೆ. ನಂಬರ್ ಕಳಿಸು, ನಾನು ನೋಡ್ಕೋತೀನಿ."

"ಅಷ್ಟರಲ್ಲಿ ಅವನು ಹೋಗಿಬಿಟ್ರೆ?"

ಲಿಫ್ಟಿನ ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ ಗುಂಡಿ ಒತ್ತಿದ.

"ಏನೂ ಆಗಲ್ಲ, ಹೋಗು. ಆರು ಗಂಟೆಗೆಲ್ಲ ಅವಳಮ್ಮ ಬಂದುಬಿಡ್ತಾಳೆ."