ಐದು ಕಾಲಿನ ಆನೆ

“ಈ ಪ್ರೋಗ್ರಾಮಿನ ಒಂದೊಂದು ಸಾಲೂ ನಮ್ಮ ಹುಡುಗರೇ ಬರೆದಿದ್ದು,” ಅಂದರು ಕಂಪನಿಯ ಯಜಮಾನರು. ಎದುರು ಕೂತಿದ್ದ ಅವಳು ಮೇಜಿನ ಮೇಲಿದ್ದ ಅವರದೇ ಕಸೂತಿ ಯಂತ್ರದ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದಳು. ಅಂಥ ಯಂತ್ರ ನಡೆಸುವ ಪ್ರೋಗ್ರಾಮೊಂದನ್ನು ಅವಳೇ ಬರೆದು, ಯಾರು ಬೇಕಾದರೂ ತಿದ್ದಿ ಬಳಸಲಿ ಎಂದು ಊರಿಗೆಲ್ಲ ಪುಕ್ಕಟೆ ಹಂಚಿದ್ದಳು. ಯಂತ್ರದೊಳಗಿಟ್ಟು ಮಾರುವವರು ಪ್ರೋಗ್ರಾಮಿನ ಕೋಡನ್ನೂ, ಅಂದರೆ ಅದರ ಮೂಲ ಬರಹವನ್ನೂ, ಕೊಂಡವರಿಗೆ ಕೊಡಬೇಕು ಎಂಬುದೊಂದೇ ಷರತ್ತು.

ಸೂಜಿ ಟಕಟಕನೆ ಓಡಿ ಬಿಳಿ ಬಟ್ಟೆಯ ಮೇಲೆ ಆನೆಯೊಂದನ್ನು ಹೊಲಿಯಿತು. ಅದಕ್ಕೆ ಐದು ಕಾಲು.

“ನನ್ನ ಮಗಳು ಚಿಕ್ಕವಳಿದ್ದಾಗ ಬರೆದ ಆನೆ, ಸಾರ್. ಕೋಡೊಳಗೆ ನಾನೇ ಬಚ್ಚಿಟ್ಟಿದ್ದೆ.”

ಯಜಮಾನರು ಪಕ್ಕದ ವಕೀಲರ ಮುಖ ನೋಡಿದರು. “ಎಷ್ಟು ಕೊಟ್ರೆ ಸುಮ್ಮನಾಗ್ತೀರಮ್ಮಾ?”

“ದುಡ್ಡು ಬೇಡ. ಷರತ್ತು ಮುರಿದ ಮೇಲೆ ಮಾರೋ ಹಕ್ಕೂ ಹೋಯ್ತು. ಕೋಡೆಲ್ಲ ಬಿಚ್ಚಿಡೋವರೆಗೆ ಒಂದು ಯಂತ್ರವೂ ಅಂಗಡಿಗೆ ಹೋಗೋ ಹಾಗಿಲ್ಲ.” ಅವಳು ಐದನೇ ಕಾಲಿನ ಮೇಲೆ ಬೆರಳಿಟ್ಟಳು. “ಇದನ್ನ ತಿದ್ದೋ ಹಕ್ಕನ್ನೂ ನಿಮಗೆ ಕೊಟ್ಟಿದ್ದೆ. ಕೋಡನ್ನ ಓದಿಯೂ ನೋಡದೆ ಕದ್ದಿದ್ದೀರಿ.”