ಮಧ್ಯಾಹ್ನದ ಹಸಿರು ಬಾವುಟ

ಗಿರಣಿ ಓಣಿಯಲ್ಲಿ ಮಧ್ಯಾಹ್ನ ಯಾರೂ ಹೊರಗೆ ಬರುತ್ತಿರಲಿಲ್ಲ. ಬಿಸಿಲೇರಿದಂತೆ ಗಾಳಿಯಲ್ಲಿ ಗಾಡಿಗಳ ಹೊಗೆಯಿಂದ ಹುಟ್ಟುವ, ಉಸಿರುಕಟ್ಟಿಸುವ ಓಝೋನ್ ಅನಿಲ ಏರುತ್ತಿತ್ತು. ಗಾಳಿ ಅಳೆಯುವ ನೀಲವ್ವ ಕೆಂಪು ಬಾವುಟ ಹಾರಿಸಿದೊಡನೆ ಕದಗಳೆಲ್ಲ ಮುಚ್ಚುತ್ತಿದ್ದವು.

ಊರಲ್ಲಿ ಹೊಗೆಯುಗುಳುವ ಗಾಡಿಗಳು ನಿಂತು ವರ್ಷವಾಗಿತ್ತು. ಇವತ್ತು ಸೂರ್ಯ ನೆತ್ತಿಗೆ ಬಂದರೂ ಮೀಟರಿನ ಮುಳ್ಳು ಹಸಿರಿನಲ್ಲೇ ನಿಂತಿತ್ತು. ನಂಬಿಕೆಯಾಗದೆ ನೀಲವ್ವ ಇನ್ನೊಂದು ಮೀಟರ್ ತಂದು ನೋಡಿದಳು. ಅದೂ ಹಸಿರು! ಆದರೂ ಮೊದಲು ತಾನೇ ಓಣಿಗಿಳಿದು, ಮಾಸ್ಕ್ ತೆಗೆದು, ಎದೆ ತುಂಬ ಉಸಿರೆಳೆದಳು. ಕೆಮ್ಮು ಬರಲಿಲ್ಲ. ಹಸಿರು ಬಾವುಟ ಏರಿಸಿ ಕೂಗಿದಳು: "ಹೊರಗ ಬರ್ರೀ ಎಲ್ಲಾರೂ! ಗಾಳಿ ಚೊಲೋ ಆಗೇತಿ!"

ಎಲ್ಲರಿಗಿಂತ ಮೊದಲು ಓಡಿಬಂದವಳು ಅವಳ ಎಂಟು ವರ್ಷದ ಮಗಳು ಶಿವಗಂಗಾ. ಹುಟ್ಟಿದಾಗಿನಿಂದ ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಮಾತ್ರ ಕಂಡ ಹುಡುಗಿ ನಡು ಓಣಿಯಲ್ಲಿ ಗಕ್ಕನೆ ನಿಂತಳು.

"ಅವ್ವಾ, ಇಲ್ನೋಡ! ನನ್ನ ನೆರಳು ಇಷ್ಟ ಸಣ್ಣದಾಗೇತಿ!"